ಮಗನಿಗೆ ಗೇಮ್ ಹಾಕಿಕೊಟ್ಟೆ, ಫೋನಿನಲ್ಲಿದ್ದವರ ನಂಬರೆಲ್ಲ ಹೋಯಿತು

ದಸರಾ ರಜೆ. ಮಗನಿಗೆ 11 ವರ್ಷ. ಪಕ್ಕದ ಮನೆ ಹುಡುಗರೆಲ್ಲ ಆಡುವ ಗೇಮ್ ತನಗೂ ಬೇಕು ಅಂತ ಫೋನ್ ಹಿಡಿದು ಹಿಂದೆ ಹಿಂದೆಯೇ ಸುತ್ತುತ್ತಿದ್ದ. ನಾನು ಸಾರಿಗೆ ಒಗ್ಗರಣೆ ಇಟ್ಟಿದ್ದೆ. ಒಂದು ಕೈಯಲ್ಲಿ ಸೌಟು, ಇನ್ನೊಂದರಲ್ಲಿ ಫೋನ್. ಕಾಂಟ್ಯಾಕ್ಟ್ಸ್ ನೋಡಬಹುದಾ ಅಂತ ಕೇಳಿತು, ‘ಅಲೌ’ ಒತ್ತಿದೆ. ಮೈಕ್ ಕೇಳಿತು, ಲೊಕೇಶನ್ ಕೇಳಿತು, ಅವಕ್ಕೂ ಒತ್ತಿದೆ. ಹುಟ್ಟಿದ ತಾರೀಖು ಕೇಳಿತು. ಮಗನದು ಹಾಕಿದರೆ ಮುಂದಕ್ಕೆ ಹೋಗಲಿಲ್ಲ. ನನ್ನದು ಹಾಕಿದೆ, ಗೇಮ್ ಶುರುವಾಯಿತು. ಸಾಸಿವೆ ಸಿಡಿದು ಮುಗಿಯುವಷ್ಟರಲ್ಲಿ ಇಷ್ಟೂ ಆಗಿಹೋಯಿತು.

ಇದನ್ನು ಸರಿಮಾಡಲು ನಾಲ್ಕು ತಿಂಗಳು ಹಿಡಿಯಿತು. ನಿಮಗೆ ಹಾಗಾಗಬಾರದು ಅಂತ ಬರೆಯುತ್ತಿದ್ದೇನೆ. ಕಂಪನಿಯ ಹೆಸರು ಬೇಕಂತಲೇ ಹಾಕಿಲ್ಲ. ಒಂದು ಹೆಸರು ಹೇಳಿದರೆ ಉಳಿದವರೆಲ್ಲ ಒಳ್ಳೆಯವರು ಅಂದುಕೊಂಡುಬಿಡುತ್ತೀರಿ.

ಮೊದಲು ಫೋನ್ ಮಾಡಿದ್ದು ಮೈಸೂರಿನಲ್ಲಿರುವ ಚಿಕ್ಕಮ್ಮನ ಮಗಳು. “ಅಕ್ಕಾ, ನೀನು ಗೇಮ್ ಆಡ್ತೀಯಾ? ನಿನ್ನ ಹೆಸರಲ್ಲಿ ನಂಗೆ ಇನ್ವಿಟೇಶನ್ ಬಂದಿದೆ” ಅಂದಳು. ಮಾರನೇ ದಿನ ಆಫೀಸಿನಲ್ಲಿ ಮ್ಯಾನೇಜರ್ ಕೂಡ ಅದನ್ನೇ ಕೇಳಿದರು. ನನ್ನ ಫೋನಿನಲ್ಲಿದ್ದ ನಂಬರ್‌ಗಳನ್ನೆಲ್ಲ ಗೇಮ್ ಎತ್ತಿಕೊಂಡುಬಿಟ್ಟಿತ್ತು. ಹಾಲಿನವರದು, ಡಾಕ್ಟರದು, ತೀರಿಕೊಂಡ ನಮ್ಮ ಮಾವನವರದು. ಅವರ್ಯಾರೂ ‘ಆಯ್ತು’ ಅಂದಿರಲಿಲ್ಲ. ಅವರ ಪರವಾಗಿ ನಾನು ಅಂದುಬಿಟ್ಟಿದ್ದೆ. ಇವತ್ತಿಗೂ ನನಗೆ ಜಾಸ್ತಿ ಬೇಜಾರಾಗುವುದು ಇದಕ್ಕೇ.

ಗೇಮ್ ತೆಗೆದುಹಾಕಿದೆ. ಆದರೂ ಇನ್ವಿಟೇಶನ್ ಹೋಗುವುದು ನಿಲ್ಲಲಿಲ್ಲ. ತುಂಬಾ ಜನ ಎಡವುವುದು ಇಲ್ಲೇ. ಫೋನಿನಿಂದ ಗೇಮ್ ಹೋದರೂ ಅಕೌಂಟ್ ಅವರ ಹತ್ತಿರ ಹಾಗೇ ಉಳಿದಿರುತ್ತದೆ. ಮತ್ತೆ ಹಾಕಿಕೊಂಡು ಸೆಟ್ಟಿಂಗ್ಸ್‌ನಲ್ಲಿ ತಡಕಾಡಿದೆ. ಎಲ್ಲೋ ತಳದಲ್ಲಿ, ನಮ್ಮ ಡೇಟಾ ನಾವೇ ಕೇಳಿ ಪಡೆಯಬಹುದು ಅಂತ ಒಂದು ಸಾಲು ಸಿಕ್ಕಿತು. ಕೇಳಿದೆ. ಮೂರು ವಾರ ಆದಮೇಲೆ ಒಂದು ಫೈಲ್ ಬಂತು. ರಾತ್ರಿ ಎಲ್ಲರೂ ಮಲಗಿದ ಮೇಲೆ ಲ್ಯಾಪ್‌ಟಾಪ್‌ನಲ್ಲಿ ತೆರೆದೆ.

ಮಗ ಗೇಮ್ ತೆರೆದ ಪ್ರತಿ ಸಲದ ಗಂಟೆ, ನಿಮಿಷ, ಸೆಕೆಂಡು ಅದರಲ್ಲಿತ್ತು. ಒಂದು ದಿನ ರಾತ್ರಿ 11:52. ಆ ಹೊತ್ತಿಗೆ ಅವನು ನಿದ್ದೆ ಹೋಗಿದ್ದಾನೆ ಅಂತ ನಾನು ನಂಬಿದ್ದೆ. ಫೋನಿನ ಮಾಡೆಲ್ ಇತ್ತು, ನಮ್ಮ ಏರಿಯಾ ಇತ್ತು, ಯಾರ ಜೊತೆ ಎಷ್ಟು ಹೊತ್ತು ಆಡಿದ ಅನ್ನುವುದೂ ಇತ್ತು. ಒಂದು ಕಡೆ ಕಣ್ಣು ನಿಂತುಹೋಯಿತು. ಒಂದೇ ಲೆವೆಲ್‌ನಲ್ಲಿ ಅವನು ಆರು ಸಲ ಸೋತಿದ್ದ. ಆರನೇ ಸೋಲಾದ ಕೂಡಲೇ 89 ರೂಪಾಯಿಯ ಆಫರ್ ತೋರಿಸಿದ್ದಾರೆ. ಅವನು ಅದನ್ನು 41 ಸೆಕೆಂಡ್ ನೋಡಿ ಮುಚ್ಚಿದ್ದಾನೆ. ಮಾರನೇ ದಿನ ಅದೇ ಆಫರ್ 49 ರೂಪಾಯಿಗೆ ಬಂದಿದೆ. ನನ್ನ ಮಗನಿಗೆ ಎಷ್ಟು ಸೋತರೆ ತಡೆಯಲಾಗುವುದಿಲ್ಲ, ಎಷ್ಟಕ್ಕೆ ಆಸೆಯಾಗುತ್ತದೆ ಅಂತ ಯಾರೋ ಅಳತೆ ಹಿಡಿದು ನೋಡಿದ ಹಾಗಿತ್ತು. ಹೊಟ್ಟೆಯೆಲ್ಲ ತೊಳಸಿದಂತಾಯಿತು.

ಅಕೌಂಟ್ ಅಳಿಸಿ ಅಂತ ಬರೆದೆ. ಗುರುತಿನ ಚೀಟಿಯ ಫೋಟೋ ಕಳಿಸಿ ಅಂತ ಉತ್ತರ ಬಂತು. ಒಳಗೆ ಬರುವಾಗ ಕೇಳದ ಆಧಾರ್ ಹೊರಗೆ ಹೋಗುವಾಗ ಯಾಕೆ? ದಯವಿಟ್ಟು ಕಳಿಸಬೇಡಿ. ಗೇಮ್ ಒಳಗಿನಿಂದಲೇ, ನನ್ನ ನಂಬರ್‌ಗೆ ಒಟಿಪಿ ಬರುವ ಹಾಗೆ ಮಾಡಿ ಖಾತ್ರಿ ಮಾಡಿಕೊಳ್ಳಿ ಅಂತ ಐದು ಮೇಲ್ ಬರೆದೆ. ಕೊನೆಗೆ ಒಪ್ಪಿದರು.

ಅಮೆರಿಕದ ಅಪ್ಪ ಅಮ್ಮಂದಿರೂ ಇದೇ ಪಾಡು ಪಟ್ಟಿದ್ದಾರೆ. 13 ವರ್ಷದೊಳಗಿನ ಮಕ್ಕಳ ಮಾಹಿತಿಯನ್ನು ಪೋಷಕರ ಒಪ್ಪಿಗೆ ಇಲ್ಲದೆ ತೆಗೆದುಕೊಂಡ ಆರೋಪಕ್ಕೆ ಫೋರ್ಟ್‌ನೈಟ್ ಅನ್ನುವ ಗೇಮ್ ಮಾಡಿದ ಎಪಿಕ್ ಗೇಮ್ಸ್ ಕಂಪನಿ 2022ರ ಡಿಸೆಂಬರ್‌ನಲ್ಲಿ 27.5 ಕೋಟಿ ಡಾಲರ್ ದಂಡ ಕಟ್ಟಲು ಒಪ್ಪಿತು. ಮಾಹಿತಿ ಅಳಿಸಿ ಅಂದ ಪೋಷಕರನ್ನು ಸುಮ್ನೆ ಸುತ್ತಾಡಿಸಿದರು, ವಾಯ್ಸ್ ಚಾಟ್ ತಾನಾಗೇ ಆನ್ ಇರುತ್ತಿತ್ತು ಅಂತಲೂ ಗ್ರಾಹಕರ ಹಿತ ಕಾಯುವ ಅಲ್ಲಿನ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ದೂರಿತ್ತು.

“ನಾನು ಕಂಪ್ಯೂಟರ್‌ನಲ್ಲಿ ಒಬ್ಬನೇ ಆಡೋದು, ನಂದೇನು ಹೋಗುತ್ತೆ?” ಅಂದ ನನ್ನ ತಮ್ಮ. ಫಾರ್ ಕ್ರೈ ಪ್ರೈಮಲ್ ಕೂಡ ಒಬ್ಬರೇ ಆಡುವ ಗೇಮ್. ಅದು ಹತ್ತು ನಿಮಿಷದಲ್ಲಿ 150 ಸಲ ಹೊರಗಿನ ಸರ್ವರ್‌ಗಳನ್ನು ಸಂಪರ್ಕಿಸಿತು ಅಂತ 2025ರ ಏಪ್ರಿಲ್‌ನಲ್ಲಿ ಜನರ ಖಾಸಗಿ ಮಾಹಿತಿಯ ಹಕ್ಕಿಗಾಗಿ ಹೋರಾಡುವ ಆಸ್ಟ್ರಿಯಾದ ನೊಯ್ಬ್ ಸಂಸ್ಥೆ, ಅದನ್ನು ಮಾಡಿದ ಯೂಬಿಸಾಫ್ಟ್ ಕಂಪನಿ ಮೇಲೆ ದೂರು ಕೊಟ್ಟಿದೆ.

ನಮ್ಮ 2023ರ ಡೇಟಾ ಕಾಯ್ದೆ 18 ವರ್ಷದೊಳಗಿನ ಎಲ್ಲರನ್ನೂ ಮಕ್ಕಳು ಅನ್ನುತ್ತದೆ. ಪೋಷಕರ ಒಪ್ಪಿಗೆ ಖಾತ್ರಿಯಾಗಿ ಬೇಕು, ಮಕ್ಕಳಿಗೆ ಗುರಿಯಿಟ್ಟು ಜಾಹೀರಾತು ತೋರಿಸುವಂತಿಲ್ಲ. ಆದರೆ ನಿಯಮ ಬಂದಿದ್ದು 2025ರ ನವೆಂಬರ್‌ನಲ್ಲಿ. ಮುಖ್ಯ ಭಾಗಗಳು ಜಾರಿಯಾಗಲು ಅಲ್ಲಿಂದ 18 ತಿಂಗಳ ಗಡುವು. ಮತ್ತೆ, ನನ್ನ ಹಾಗೆ ನಿಮ್ಮ ಹುಟ್ಟಿದ ವರ್ಷ ಹಾಕಿಕೊಟ್ಟರೆ ನಿಮ್ಮ ಮಗು ಅವರ ಲೆಕ್ಕದಲ್ಲಿ ದೊಡ್ಡವರೇ. ಮಗುವಿನ ವಯಸ್ಸಿಗೆ ತೆರೆಯದ ಗೇಮ್ ಬೇಡವೇ ಬೇಡ.

ಹಾಕುವ ಮೊದಲು ಪ್ಲೇ ಸ್ಟೋರ್‌ನಲ್ಲಿ ‘ಡೇಟಾ ಸೇಫ್ಟಿ’ ಭಾಗ ಓದಿ. ಅದು ಗೇಮ್ ಮಾಡಿದವರೇ ಬರೆದುಕೊಂಡಿದ್ದು, ಆದರೂ ಅಂದಾಜು ಸಿಗುತ್ತದೆ. ಕಾಂಟ್ಯಾಕ್ಟ್ಸ್ ಮಾತ್ರ ಯಾವ ಗೇಮ್‌ಗೂ ಕೊಡಬೇಡಿ. ಬಿಡುವಾಗ ಮೊದಲು ಅಕೌಂಟ್ ಅಳಿಸಿ, ಆಮೇಲೆ ಗೇಮ್ ತೆಗೆಯಿರಿ.

ಈಗಾಗಲೇ ಹಾಕಿಕೊಟ್ಟಿದ್ದರೆ ಇವತ್ತೇ ಮಗುವಿನ ಪಕ್ಕ ಕೂತು ಮೈಕ್ ಪರ್ಮಿಷನ್ ತೆಗೆಯಿರಿ. ಗೇಮ್‌ನಲ್ಲಿ ಯಾರಾದರೂ ಮಾತಾಡಿಸಿದ್ದಾರಾ, ಏನು ಕೇಳಿದರು ಅಂತ ಕೇಳಿ. ಬೈಯಬೇಡಿ. ನನ್ನ ಮಗ ಮೂರನೇ ಸಲ ಕೇಳಿದಾಗ ತಲೆ ತಗ್ಗಿಸಿಕೊಂಡು ಹೇಳಿದ, “ಒಬ್ಬ ಅಣ್ಣ ಯಾವ ಸ್ಕೂಲು ಅಂತ ಕೇಳಿದ್ರು ಅಮ್ಮಾ, ಹೇಳಿದೆ.”