ಅವ್ವನ ಎಡಗಾಲಿನ ಹೊಸ ಮೊಣಕಾಲು: ಮೂರು ವರ್ಷ ಆದಮೇಲೆ

ಡಿಸ್ಚಾರ್ಜ್ ಫೈಲಿನಲ್ಲಿ ಮೂರು ಸ್ಟಿಕ್ಕರ್ ಇದ್ದವು. ಬಿಲ್ಲಿನಲ್ಲಿ ಇಂಪ್ಲಾಂಟ್ ಹೆಸರಿನಲ್ಲಿ ನಾಲ್ಕು ಐಟಂ. ಮೊಣಕಾಲು ಬದಲಿಸಲು ಹೊರಟವರು ಮುಂದಿನದು ಓದದಿದ್ದರೂ ಪರವಾಗಿಲ್ಲ, ಇದೊಂದನ್ನು ನೆನಪಿಟ್ಟುಕೊಳ್ಳಿ: ಸ್ಟಿಕ್ಕರ್ ಎಣಿಸಿ ಬಿಲ್ಲಿನ ಜೊತೆ ತಾಳೆ ನೋಡಿ. ಕಾಲಿನೊಳಗೆ ಹೋಗುವ ಒಂದೊಂದು ಭಾಗದ ಡಬ್ಬಿಯಲ್ಲೂ ಅಂಟಿಸುವ ಚೀಟಿ ಬರುತ್ತದೆ. ಅದರ ಮೇಲೆ ಸೈಜು, ಲಾಟ್ ನಂಬರು ಇರುತ್ತವೆ, ಥಿಯೇಟರಿನಲ್ಲೇ ಕಿತ್ತು ಫೈಲಿಗೆ ಅಂಟಿಸುತ್ತಾರೆ. ನಾನು ಬಿಲ್ ಕೌಂಟರಿನಲ್ಲಿ ನಿಂತು ಹೊತ್ತು ಹೋಗದೆ ಸುಮ್ನೆ ಎಣಿಸಿದೆ. ತೊಡೆಮೂಳೆಯ ತುದಿಗೆ ಒಂದು, ಕೆಳಗಿನ ಮೂಳೆಯ ಮೇಲೆ ಕೂರುವ ತಟ್ಟೆಗೆ ಒಂದು, ನಡುವಿನ ಪ್ಲಾಸ್ಟಿಕ್ಕಿಗೆ ಒಂದು. ನಾಲ್ಕನೆಯದು ಮಂಡಿಚಿಪ್ಪಿನ ಹಿಂದೆ ಕೂರಿಸುವ ಗುಂಡಿ. ಆದರೆ ಅವ್ವನ ಚಿಪ್ಪು ಚೆನ್ನಾಗಿದೆ, ಅದನ್ನು ಮುಟ್ಟಲಿಲ್ಲ ಅಂತ ಆಪರೇಷನ್ ಮುಗಿಸಿ ಬಂದ ಸರ್ಜನ್ ಅವರೇ ಹೇಳಿದ್ದರು. ಹಾಗಾದರೆ ಗುಂಡಿ ಎಲ್ಲಿಂದ ಬಂತು?

"ಪ್ಯಾಕೇಜ್ ಐತ್ರಿ ಸರ, ಸೆಟ್ ಹಂಗ ಬರ್ತೈತಿ" ಅಂದ ಕೌಂಟರಿನ ಹುಡುಗ. ಅದರ ಸ್ಟಿಕ್ಕರ್ ತೋರಿಸಪ್ಪಾ ಅಂದೆ. ಒಳಗೆ ಹೋದವನು ಕಾಲು ಗಂಟೆ ಬಿಟ್ಟು ಬಂದ, ಆ ಸಾಲು ತೆಗೆದು ಹೊಸ ಬಿಲ್ ಕೊಟ್ಟ. ಜಗಳ ಏನೂ ಆಗಲಿಲ್ಲ. ಸಾರಿ ಅನ್ನುವ ಮಾತೂ ಬರಲಿಲ್ಲ.

ರೇಟಿನ ವಿಷಯ ನನಗೆ ಗೊತ್ತಿತ್ತು, ಅದಕ್ಕೇ ಧೈರ್ಯ. 2017ರ ಆಗಸ್ಟ್‌ನಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರ ಮೊಣಕಾಲಿನ ಇಂಪ್ಲಾಂಟ್‌ಗಳಿಗೆ ಮಿತಿ ಹಾಕಿತು. ಅದಕ್ಕೂ ಮೊದಲು ಒಂದೂವರೆ ಲಕ್ಷ ದಾಟುತ್ತಿದ್ದ ಕೋಬಾಲ್ಟ್ ಕ್ರೋಮಿಯಂ ಲೋಹದ ಸೆಟ್ಟು ಒಂದೇ ದಿನದಲ್ಲಿ 54,720 ರೂಪಾಯಿಗೆ ಇಳಿಯಿತು, ಜಿಎಸ್‌ಟಿ ಬೇರೆ. ಒಂದೊಂದು ಭಾಗಕ್ಕೂ ಬೇರೆ ಬೇರೆ ಮಿತಿ ಹಾಕಿದ್ದರು: ತೊಡೆಮೂಳೆಯ ಟೋಪಿಗೆ 24,090, ತಟ್ಟೆಗೆ 16,990, ನಡುವಿನ ಪ್ಲಾಸ್ಟಿಕ್ಕಿಗೆ 9,550, ಚಿಪ್ಪಿನ ಗುಂಡಿಗೆ 4,090. ಆಮೇಲೆ ಅಷ್ಟಿಷ್ಟು ಬದಲಾಗಿದೆ, ನೀವು ಹೋಗುವಾಗ ಆಗಿನ ಪಟ್ಟಿ ನೋಡಿಕೊಳ್ಳಿ. ಗುಂಡಿ ಹಾಕದಿದ್ದರೆ ಗುಂಡಿಯ ದುಡ್ಡು ಯಾಕೆ ಕೊಡಬೇಕು ಅಲ್ವಾ? ಮಿತಿ ಇರುವುದು ಇಂಪ್ಲಾಂಟಿಗೆ ಮಾತ್ರ. ರೂಮು, ಥಿಯೇಟರು, ಗ್ಲೌಸು, ಹತ್ತಿ ಎಲ್ಲದರ ಹೆಸರಿನಲ್ಲೂ ಬಿಲ್ ಬೆಳೆಯುತ್ತದೆ, ನಮ್ಮದೂ ಬೆಳೆಯಿತು.

ಈಗ ವಸ್ತುವಿನ ಬಗ್ಗೆ. ಅವ್ವ ಗುಳೇದಗುಡ್ಡದವಳು. ನಲವತ್ತು ವರ್ಷ ಕುಣಿಮಗ್ಗದಲ್ಲಿ ಖಣ ನೇಯ್ದಿದ್ದಾಳೆ. ನೆಲದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು, ಬೆಳಗಿನಿಂದ ಸಂಜೆವರೆಗೆ ತುಳಿಯುವ ಕೆಲಸ. ಎಡ ಮೊಣಕಾಲು ಎಕ್ಸ್‌ರೇಯಲ್ಲಿ ಮೂಳೆಗೆ ಮೂಳೆ ಅಂಟಿಕೊಂಡಂತೆ ಕಾಣುತ್ತಿತ್ತು, ಕಾಲು ಹೊರಗೆ ಬಿಲ್ಲಿನಂತೆ ಬಾಗಿತ್ತು. ಮಗ್ಗದಿಂದಲೇ ಸವೆಯಿತು ಅಂತ ನಾನು ಹೇಳಲಾರೆ, ವಯಸ್ಸೂ ತೂಕವೂ ಸೇರಿವೆ. ಅವ್ವ ಮಾತ್ರ ಮಗ್ಗದ್ದೇ ತಪ್ಪು ಅಂತಾಳೆ.

ಆಪರೇಷನ್‌ಗೆ ಮೊದಲು ಆಸ್ಪತ್ರೆಯ ಕೌನ್ಸೆಲರ್ ಒಬ್ಬರು ಚಿನ್ನದ ಬಣ್ಣದ ಮೊಣಕಾಲು ತೋರಿಸಿದರು. ಮೂವತ್ತು ವರ್ಷ ಬಾಳಿಕೆ, ಮಾಮೂಲಿದಕ್ಕಿಂತ ಎಷ್ಟೋ ಮೇಲು, ಸ್ವಲ್ಪ ಜಾಸ್ತಿ ಆಗುತ್ತದೆ ಅಷ್ಟೇ ಅಂದರು. ಅದರಲ್ಲಿ ಚಿನ್ನ ಇಲ್ಲ. ಲೋಹದ ಮೇಲೆ ಟೈಟಾನಿಯಂ ನೈಟ್ರೈಡ್ ಥರದ ಲೇಪ, ಅದರ ಬಣ್ಣ ಹಾಗಿರುತ್ತದೆ. ನಿಕ್ಕಲ್ ಅಲರ್ಜಿ ಇರುವವರಿಗೆ ಅದರಿಂದ ಉಪಯೋಗ ಇದೆ, ಅದನ್ನು ಇಲ್ಲ ಅನ್ನುವುದಿಲ್ಲ. ಆದರೆ ಅವ್ವ ಜೀವಮಾನವಿಡೀ ಕಂಚು, ಸ್ಟೀಲು, ರೋಲ್ಡ್ ಗೋಲ್ಡ್ ಎಲ್ಲ ಮೈಮೇಲೆ ಹಾಕಿಕೊಂಡವಳು, ಒಂದು ದಿನ ತುರಿಸಿಕೊಂಡಿಲ್ಲ. ಇನ್ನು ಬಾಳಿಕೆ ಅಂದರೆ, 2019ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಲೆಕ್ಕದ ಪ್ರಕಾರ ನೂರರಲ್ಲಿ 82 ಮೊಣಕಾಲುಗಳು 25 ವರ್ಷ ಉಳಿದಿವೆ. ಅವೆಲ್ಲ ಕಾಲು ಶತಮಾನದ ಹಿಂದಿನ ಮೊಣಕಾಲುಗಳು. ಅವ್ವನಿಗೆ ಆಗ 66. ಲೆಕ್ಕ ಹಾಕಿ ನಾವು ಮಾಮೂಲಿ ಬೆಳ್ಳಿ ಬಣ್ಣದ್ದನ್ನೇ ಹಾಕಿಸಿದೆವು.

ನಿಜವಾಗಿ ಸವೆಯುವುದು ಲೋಹ ಅಲ್ಲವೇ ಅಲ್ಲ, ಆ 9,550 ರೂಪಾಯಿಯ ಪ್ಲಾಸ್ಟಿಕ್ಕು. ಡಾಕ್ಟರ ಮೇಜಿನ ಮೇಲಿದ್ದ ಸ್ಯಾಂಪಲನ್ನು ಕೈಯಲ್ಲಿ ಹಿಡಿದು ನೋಡಿದೆ. ಹಾಲಿನಂಥ ಬಿಳಿ, ಒಂದು ಬೆರಳಿಗಿಂತ ದಪ್ಪ ಇಲ್ಲ, ಉಗುರಿನಿಂದ ಒತ್ತಿದರೆ ಗೀರು ಬೀಳುತ್ತದೇನೋ ಅನ್ನಿಸುವಷ್ಟು ಮೆತ್ತಗೆ. ಇದರ ಮೇಲೆ ಮನುಷ್ಯ ನಿಲ್ಲುತ್ತಾನಾ ಅನ್ನಿಸಿತು. ಇದು ಪಾಲಿಥೀನ್, ಹಾಲಿನ ಕವರಿನ ಜಾತಿಯದೇ, ಆದರೆ ಇದರ ಎಳೆಗಳು ಭಾರೀ ಉದ್ದ, ಅದಕ್ಕೇ ಸವೆತ ತಡೆಯುತ್ತದೆ.

ಇದು ದೇಹದೊಳಗೆ ಬಂದ ಕಥೆ ನನಗೆ ತುಂಬಾ ಇಷ್ಟ. ಇಂಗ್ಲೆಂಡಿನ ರೈಟಿಂಗ್ಟನ್ ಆಸ್ಪತ್ರೆಯಲ್ಲಿ ಜಾನ್ ಚಾರ್ನ್‌ಲಿ ಅಂತ ಸರ್ಜನ್. ಸೊಂಟದ ಕೀಲಿಗೆ ಮೊದಲು ಟೆಫ್ಲಾನ್ ಬಳಸಿದರು, ನಮ್ಮ ದೋಸೆ ತವಾದ ಮೇಲಿರುತ್ತದಲ್ಲ ಅದೇ. ನೂರಾರು ಜನರಿಗೆ ಹಾಕಿದ ಮೇಲೆ ಗೊತ್ತಾಯಿತು, ಅದು ಕೆಲವೇ ವರ್ಷಗಳಲ್ಲಿ ಸವೆದು ಪುಡಿಯಾಗುತ್ತದೆ, ಆ ಪುಡಿಗೆ ದೇಹ ಸಿಟ್ಟಾಗಿ ಸುತ್ತಲಿನ ಮೂಳೆಯನ್ನೇ ತಿನ್ನುತ್ತದೆ. ಪುಡಿ ಏನು ಮಾಡುತ್ತದೆ ನೋಡೋಣ ಅಂತ ಆ ಮನುಷ್ಯ ತನ್ನ ತೊಡೆಗೇ ಟೆಫ್ಲಾನ್ ಸೇರಿಸಿಕೊಂಡ. 1962ರಲ್ಲಿ ಇದೇ ಪ್ಲಾಸ್ಟಿಕ್ಕಿನ ಗೇರ್ ಮಾರುವ ಒಬ್ಬ ಸೇಲ್ಸ್‌ಮನ್ ಆಸ್ಪತ್ರೆಗೆ ಬಂದ. ಯಾವುದರ ಗೇರ್ ಗೊತ್ತಾ? ಲ್ಯಾಂಕಾಷೈರಿನ ಮಗ್ಗಗಳದ್ದು! ಚಾರ್ನ್‌ಲಿ ಆ ತುಂಡನ್ನು ಉಗುರಿನಿಂದ ಗೀರಿ ನೋಡಿ ಬೇಡ ಅಂದುಬಿಟ್ಟರಂತೆ. ಅವರ ಟೆಕ್ನೀಷಿಯನ್ ಹ್ಯಾರಿ ಕ್ರೇವನ್ ಮಾತ್ರ ಬಿಡಲಿಲ್ಲ. ಸಾಹೇಬರು ಪರದೇಶಕ್ಕೆ ಹೋಗಿದ್ದಾಗ ಅದನ್ನು ಮಷಿನ್‌ಗೆ ಹಾಕಿ ತಿಕ್ಕಿಸಿದ. ಟೆಫ್ಲಾನ್ ಒಂದು ದಿನದಲ್ಲಿ ಸವೆಯುವಷ್ಟು ಇದು ಮೂರು ವಾರವಾದರೂ ಸವೆದಿರಲಿಲ್ಲ. ಮುಂದೆ ಅದೇ ಆಸ್ಪತ್ರೆಯಲ್ಲಿದ್ದ ಕೆನಡಾದ ಫ್ರಾಂಕ್ ಗನ್‌ಸ್ಟನ್ ಈ ಲೋಹ-ಪ್ಲಾಸ್ಟಿಕ್ ಜೋಡಿಯನ್ನು ಮೊಣಕಾಲಿಗೆ ತಂದರು.

ಇದನ್ನು ಅವ್ವನಿಗೆ ಹೇಳಿದೆ. "ಮಗ್ಗ ಕಸಗೊಂಡಿದ್ದು ಮಗ್ಗನ ತಿರುಗಿ ಕೊಟ್ಟೈತಿ ಅನ್ನು" ಅಂದಳು. ಎದುರಿಗೆ ಕೂತಿದ್ದ ಫಿಸಿಯೋ ಹುಡುಗಿಗೆ ನಗು ತಡೆಯಲಾಗಲಿಲ್ಲ.

ಈ ಭಾಗಗಳನ್ನು ಮೂಳೆಗೆ ಕೂರಿಸುವ ಸಿಮೆಂಟಿನ ಬಗ್ಗೆಯೂ ಎರಡು ಮಾತು. ಸ್ಟಿಕ್ಕರ್ ಎಣಿಸುವಾಗ ಇದನ್ನು ಬೇರೆ ಇಡಿ, ಇದು ಸೆಟ್ಟಿನ ನಾಲ್ಕು ಭಾಗಗಳಲ್ಲಿ ಬರುವುದಿಲ್ಲ. ಹಲ್ಲಿನ ಸೆಟ್ಟು ಮಾಡುವ ಅಕ್ರಿಲಿಕ್ ಇದೆಯಲ್ಲ, ಅದೇ ಜಾತಿ. ಪುಡಿ, ದ್ರವ ಕಲಸಿದರೆ ಹಿಟ್ಟಿನಂತಾಗಿ, ಬಿಸಿಯೇರಿ, ಹತ್ತು ಹದಿನೈದು ನಿಮಿಷದಲ್ಲಿ ಕಲ್ಲಾಗುತ್ತದೆ. ಇದು ಗೋಂದಿನ ಹಾಗೆ ಅಂಟುವುದಿಲ್ಲ, ಮೂಳೆಯ ಸಣ್ಣ ಸಣ್ಣ ರಂಧ್ರಗಳಿಗೆ ಇಳಿದು ಬಿಗಿಯಾಗಿ ಹಿಡಿಯುತ್ತದೆ. 1890ರಲ್ಲಿ ಬರ್ಲಿನ್‌ನ ಗ್ಲುಕ್ ಎಂಬ ಸರ್ಜನ್ ಆನೆದಂತದ ಮೊಣಕಾಲು ಮಾಡಿ, ಪ್ಲಾಸ್ಟರಿಗೆ ರಾಳ ಬೆರೆಸಿ ಕೂರಿಸಿದ್ದರು. ಸೋಂಕು ತಗುಲಿ ಕೈಕೊಟ್ಟಿತು. ಸೋಂಕಿನ ಹೆದರಿಕೆ ಇವತ್ತಿಗೂ ಹೋಗಿಲ್ಲ. ಈಗ ಸಿಮೆಂಟಿನಲ್ಲೇ ಆಂಟಿಬಯಾಟಿಕ್ ಬೆರೆಸಿರುವುದೂ ಸಿಗುತ್ತದೆ.

ಬಳಕೆ ಹೇಗಿದೆ? ಮೊದಲ ಆರು ವಾರ ನರಕ. ಮಂಡಿ ತೊಂಬತ್ತು ಡಿಗ್ರಿ ಬಾಗಿಸಲು ಅವ್ವ ಫಿಸಿಯೋ ಹುಡುಗಿಗೆ ಬೈದ ಬೈಗುಳ ಬರೆಯುವ ಹಾಗಿಲ್ಲ. ಇಂಪ್ಲಾಂಟ್ ಎಷ್ಟೇ ಚೆನ್ನಾಗಿರಲಿ, ಈ ಆರು ವಾರ ಕದ್ದರೆ ದುಡ್ಡು ನೀರಿಗೆ ಹಾಕಿದ ಹಾಗೆ. ಮೂರು ತಿಂಗಳಿಗೆ ಕೋಲು ಬಿಟ್ಟಳು. ಮಂಡಿ ಮುಟ್ಟಿದರೆ ಎಷ್ಟೋ ತಿಂಗಳು ಬೆಚ್ಚಗೇ ಇತ್ತು, ನಾವು ಗಾಬರಿಯಾಗಿ ಎರಡು ಸಲ ಓಡಿದೆವು, ಅದು ಮಾಮೂಲಿಯಂತೆ. ಹೊಲಿಗೆಯ ಹೊರಮಗ್ಗುಲಲ್ಲಿ ಅಂಗೈ ಅಗಲದಷ್ಟು ಜಾಗ ಈಗಲೂ ಮರಗಟ್ಟಿದ ಹಾಗಿದೆ. ಮೆಟ್ಟಿಲು ಹತ್ತುವಾಗ ಒಳಗಿಂದ ಟಕ್ ಅಂತ ಸದ್ದು ಬರುತ್ತದೆ, ಲೋಹ ಪ್ಲಾಸ್ಟಿಕ್ಕಿಗೆ ತಾಗುವ ಸದ್ದು, ನೋವಿಲ್ಲದಿದ್ದರೆ ಚಿಂತೆ ಬೇಡ ಅಂದರು. ಬಾಗಿದ ಕಾಲು ನೇರ ಆಗಿದೆ. ರಾತ್ರಿ ನೋವಿನ ಮಾತ್ರೆ ಇಲ್ಲದೆ ಮಲಗುತ್ತಾಳೆ, ನನಗೆ ಅದೇ ದೊಡ್ಡದು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವುದು ಮಾತ್ರ ಮುಗಿದ ಹಾಗೇ. ಅದಕ್ಕೆ ಒಂದು ಸ್ಟಾರ್ ಕಡಿಮೆ ಮಾಡಿ ಐದಕ್ಕೆ ನಾಲ್ಕು ಕೊಡುತ್ತೇನೆ. ಆಸ್ಪತ್ರೆಗೆ ಎರಡು.

ಹೋದ ತಿಂಗಳು ಚೆಕಪ್‌ನಲ್ಲಿ ಡಾಕ್ಟರು ಮತ್ತೆ ಹೇಳಿದರು, ನೆಲದ ಮೇಲೆ ಕೂರಬೇಡಿ ಅಮ್ಮಾ ಅಂತ. "ಕುಣಿಯಾಗ ಕಾಲ್ ಇಳಿಬಿಟ್ಟು ಕುಂತ್ರ ಅದು ನೆಲದ ಮ್ಯಾಲ ಕುಂತಂಗೇನ್ರಿ, ಕುರ್ಚಿ ಮ್ಯಾಲ ಕುಂತಂಗೇನ್ರಿ?" ಅಂತ ಕೇಳಿದಳು ಅವ್ವ. ಡಾಕ್ಟರು ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. ಕೂರುವುದಕ್ಕಿಂತ ಇಳಿಯುವುದು, ಏಳುವುದು ಕಷ್ಟ, ಬೇಡ ಅಂದರು. ಅವ್ವ ಸರಿ ಅಂತ ತಲೆ ಅಲ್ಲಾಡಿಸಿದಳು. ಮಗ್ಗ ಈಗ ನನ್ನ ತಮ್ಮ ನಡೆಸುತ್ತಾನೆ, ಇವಳು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ನೂಲಿನ ಕಂಡಿಕೆ ಸುತ್ತುತ್ತಾಳೆ ಅಂತ ನಾನಂತೂ ನಂಬಿದ್ದೇನೆ.

ಬಲಗಾಲಿನದು ದೀಪಾವಳಿ ಮುಗಿದ ಮೇಲೆ ಅಂತ ಆಗಿದೆ. ಅದೇ ಸೆಟ್ಟು, ಬೇರೆ ಆಸ್ಪತ್ರೆ.