ಪ್ರಯೋಗ ವಿನ್ಯಾಸ ಕಾರ್ಯಾಗಾರ: ಮೊದಲ ದಿನಕ್ಕೆ ಪೂರ್ಣ ಅಂಕ, ಎರಡನೆಯ ದಿನಕ್ಕೆ ಅರ್ಧ

ಮನಶ್ಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿಗಳಿಗಾಗಿ ಮೈಸೂರಿನ ತರಬೇತಿ ಕೇಂದ್ರವೊಂದು ಏರ್ಪಡಿಸಿದ್ದ ಎರಡು ದಿನಗಳ ಪ್ರಯೋಗ ವಿನ್ಯಾಸ ಕಾರ್ಯಾಗಾರಕ್ಕೆ 1,800 ರೂಪಾಯಿ ಶುಲ್ಕ ಕಟ್ಟಿ ಹೋಗಿದ್ದೆ. ವ್ಯಾಖ್ಯೆಗಳನ್ನು ಬರೆಸಿ ಕಳುಹಿಸುತ್ತಾರೆ ಎಂದುಕೊಂಡಿದ್ದ ನನಗೆ, ಮೊದಲ ಗಂಟೆಯಲ್ಲೇ ಸ್ಟ್ರೂಪ್ ಪ್ರಯೋಗವನ್ನು ನಮ್ಮ ಮೇಲೆಯೇ ಮಾಡಿದ್ದು ಹಿಡಿಸಿತು.

1935ರಲ್ಲಿ ಜಾನ್ ರಿಡ್ಲಿ ಸ್ಟ್ರೂಪ್ ಪ್ರಕಟಿಸಿದ ಅಧ್ಯಯನದಲ್ಲಿ ನೂರು ಚೌಕಗಳ ಬಣ್ಣ ಹೇಳಲು ಸರಾಸರಿ 63.3 ಸೆಕೆಂಡು ಸಾಕಾಗಿದ್ದರೆ, ಬೇರೊಂದು ಬಣ್ಣದ ಶಾಯಿಯಲ್ಲಿ ಅಚ್ಚಾದ ನೂರು ಬಣ್ಣದ ಹೆಸರುಗಳ ಶಾಯಿಯನ್ನು ಗುರುತಿಸಿ ಹೇಳಲು 110.3 ಸೆಕೆಂಡು ಹಿಡಿದಿತ್ತು. ಇಲ್ಲಿ ಕನ್ನಡ ಪದಗಳ ಹಾಳೆ ಸಿದ್ಧಪಡಿಸಿದ್ದರು. ಕೆಂಪು ಶಾಯಿಯ ‘ಹಸಿರು’ ಎದುರಾದಾಗಲೆಲ್ಲ ನನ್ನ ನಾಲಿಗೆ ‘ಹಸಿ’ ಎಂದು ಅರ್ಧಕ್ಕೆ ನಿಲ್ಲುತ್ತಿತ್ತು. ಸ್ಟಾಪ್‌ವಾಚ್ ಹಿಡಿದವರಿಗೆ ನಗು.

ಆದರೆ ವಿನ್ಯಾಸ ಕಲಿಸಲು ಕರೆದವರೇ ವಿನ್ಯಾಸದಲ್ಲಿ ಎಡವಿದರು. ಇಪ್ಪತ್ತನಾಲ್ಕು ಮಂದಿಗೂ ಮೊದಲು ಚೌಕದ ಹಾಳೆ, ಬಳಿಕ ಪದದ ಹಾಳೆ ಕೊಟ್ಟರು. ಒಬ್ಬರೇ ಎರಡೂ ಸನ್ನಿವೇಶಗಳನ್ನು ಹಾದುಹೋಗುವ ಇಂಥ ವಿನ್ಯಾಸದಲ್ಲಿ ಕ್ರಮವನ್ನು ಅದಲುಬದಲು ಮಾಡದಿದ್ದರೆ, ಎರಡನೆಯ ಹಾಳೆಯ ವಿಳಂಬದಲ್ಲಿ ಪದ ಮತ್ತು ಬಣ್ಣದ ತಿಕ್ಕಾಟದ ಪಾಲೆಷ್ಟು, ದಣಿವಿನ ಪಾಲೆಷ್ಟು ಎಂದು ಬಿಡಿಸಿ ಹೇಳಲಾಗದು. ಇದನ್ನು ಕೇಳಿದಾಗ ಉಪನ್ಯಾಸಕರು ತಪ್ಪೊಪ್ಪಿಕೊಂಡು, ಚಹಾದ ನಂತರ ಅರ್ಧ ಜನಕ್ಕೆ ಕ್ರಮ ತಿರುಗಿಸಿ ಮತ್ತೆ ನಡೆಸಲು ಹೊರಟರು. (ಅಷ್ಟರಲ್ಲಿ ಎಲ್ಲರಿಗೂ ಒಂದು ಸುತ್ತಿನ ಅಭ್ಯಾಸವಾಗಿತ್ತೆಂಬುದು ಬೇರೆ ಮಾತು.) ಆಗಲೂ ಎಡಸಾಲು ಒಂದು ಗುಂಪು, ಬಲಸಾಲು ಇನ್ನೊಂದು ಎಂದರು. ಗೆಳೆಯರೆಲ್ಲ ಒಟ್ಟಿಗೆ ಕೂತಿದ್ದ, ತಡವಾಗಿ ಬಂದವರೆಲ್ಲ ಬಲಕ್ಕೆ ಸೇರಿದ್ದ ಕೋಣೆಯಲ್ಲಿ ಅದು ಯಾದೃಚ್ಛಿಕ ಹಂಚಿಕೆ, ಅಂದರೆ ಯಾರು ಯಾವ ಗುಂಪಿಗೆ ಎಂಬುದನ್ನು ಆಕಸ್ಮಿಕಕ್ಕೆ ಬಿಡುವ ಹಂಚಿಕೆ, ಆಗದು ಎಂದು ಹಿಂದಿನ ಬೆಂಚಿನ ವಿದ್ಯಾರ್ಥಿನಿಯೊಬ್ಬಳು ಆಕ್ಷೇಪಿಸಿದ ಮೇಲೆ ಚೀಟಿ ಎತ್ತಿಸಿದರು. ನನ್ನ ಮಟ್ಟಿಗೆ ಆ ಒಂದೂವರೆ ಗಂಟೆಯಲ್ಲೇ ಶುಲ್ಕ ವಸೂಲಾಯಿತು.

ಎರಡನೆಯ ದಿನ ಸಪ್ಪೆ. ಪ್ರಯೋಗಾಲಯದ ಹೊರಗೆ ಸಹಜ ಪರಿಸರದಲ್ಲಿ ನಡೆಸುವ ಕ್ಷೇತ್ರ ಪ್ರಯೋಗ, ಯಾದೃಚ್ಛಿಕ ಹಂಚಿಕೆಯಿಲ್ಲದ ಅರೆ ಪ್ರಯೋಗಗಳು ಸ್ಲೈಡುಗಳಲ್ಲೇ ಮುಗಿದುಹೋದವು. ಪ್ರಯೋಗಕ್ಕೆ ಮೊದಲು ಕೊಡುವ ಪೂರ್ವಪರೀಕ್ಷೆಯೇ ಜನರನ್ನು ಎಚ್ಚರಿಸಿ ಫಲಿತಾಂಶವನ್ನು ಬದಲಿಸೀತೆಂಬ ಅನುಮಾನದಿಂದ ಎರಡು ಗುಂಪುಗಳಿಗೆ ಮಾತ್ರ ಪೂರ್ವಪರೀಕ್ಷೆ ಕೊಟ್ಟು, ಇನ್ನೆರಡನ್ನು ಅದಿಲ್ಲದೆಯೇ ಉತ್ತರ ಪರೀಕ್ಷೆಗೆ ಒಡ್ಡುವ 1949ರ ಸಾಲೊಮನ್ ವಿನ್ಯಾಸಕ್ಕೆ ಸಿಕ್ಕಿದ್ದು ಹತ್ತೇ ನಿಮಿಷ. ಒಂದಕ್ಕಿಂತ ಹೆಚ್ಚು ಚರಗಳನ್ನು ಒಟ್ಟಿಗೆ ಪರೀಕ್ಷಿಸುವ ಫ್ಯಾಕ್ಟೋರಿಯಲ್ ವಿನ್ಯಾಸದ ಪಾಠದಲ್ಲಿ, ಎರಡು ಚರಗಳ ಅಂತರಕ್ರಿಯೆಯನ್ನು (ಒಂದರ ಪರಿಣಾಮ ಇನ್ನೊಂದಕ್ಕೆ ತಕ್ಕಂತೆ ಬದಲಾಗುವುದನ್ನು) ಗೆರೆ ಎಳೆದು ತೋರಿಸಬೇಕಾದಲ್ಲಿ ಬಾಯಿಮಾತಲ್ಲೇ ಮುಗಿಸಿದರು. ಕೊಟ್ಟ ಜೆರಾಕ್ಸ್ ಪ್ರತಿಯಲ್ಲಿ ಕೋಷ್ಟಕಗಳ ಬಲ ಅಂಚು ಕತ್ತರಿಸಿಹೋಗಿತ್ತು.

ಮುಂದಿನ ತಂಡಕ್ಕೆ ಸೇರುವವರು ಗ್ರಾಫ್ ಹಾಳೆಯನ್ನು ತಾವೇ ಒಯ್ಯುವುದು ಒಳ್ಳೆಯದು. ಅಲ್ಲಿ ಕೇಳಿದರೆ ಸಿಗಲಿಲ್ಲ.