ಕೊಡಗಿನ ಅಮ್ಮತ್ತಿ ಹತ್ರದ ಹೋಂಸ್ಟೇ, ಕಕ್ಕಡ ತಿಂಗಳ ಮಳೇಲಿ 24 ದಿನ: ನಾಲ್ಕು ಸ್ಟಾರ್

ಮೊದಲೇ ಹೇಳ್ಬಿಡ್ತೀನಿ, ಒಂದು ಸ್ಟಾರ್ ಕಟ್ ಮಾಡಿರೋದು ಬಚ್ಚಲು ಮನೆಗೆ. ಹೊಸ್ತಿಲು ಅರ್ಧ ಅಡಿ ಎತ್ತರ, ಒಳಗೆ ನುಣುಪು ಟೈಲ್ಸು, ಹಿಡ್ಕೊಳ್ಳೋಕೆ ಅಂತ ಇರೋದು ಟವೆಲ್ ರಾಡ್ ಒಂದೇ, ಅದೂ ಗೋಡೆಯಿಂದ ಕಿತ್ತು ಕೈಗೆ ಬರೋ ಹಾಗಿದೆ. ಬೆಂಗಳೂರಿಂದ ಬರೋ ಹುಡುಗ್ರಿಗೆ ಇದೆಲ್ಲ ಲೆಕ್ಕಕ್ಕೇ ಬರಲ್ಲ, ನನಗೆ ಬರುತ್ತೆ, ಯಾಕಂದ್ರೆ ನನಗೆ ಪಾರ್ಕಿನ್ಸನ್ಸ್, ಕೈ ನಡುಗಿಸಿ ನಡಿಗೆ ಕೆಡಿಸೋ ಮಿದುಳಿನ ಕಾಯಿಲೆ, ಇದು ಐದನೇ ವರ್ಷ. ಉಳಿದ ನಾಲ್ಕು ಸ್ಟಾರ್ ಯಾಕೆ ಅಂತ ಸ್ವಲ್ಪ ಉದ್ದಕ್ಕೆ ಬರೀತೀನಿ, ಟೈಮ್ ಇದ್ದವ್ರು ಓದಿ. ವಾಯ್ಸ್ ಟೈಪಿಂಗ್ ನನ್ನ ದನಿ ಹಿಡಿಯಲ್ಲ ಕಣ್ರೀ, ಒಂದೇ ಬೆರಳಲ್ಲಿ ಮೂರು ದಿನದಿಂದ ಕುಟ್ತಾ ಇದೀನಿ, ಒತ್ತಕ್ಷರ ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ.

ನಾನು ಪಾದ್ರಿ. ಆಗಿದ್ದೆ ಅನ್ಬೇಕಾ ಇನ್ನೂ ಆಗಿದೀನಾ ಅಂತ ನನಗೂ ಸರಿಯಾಗಿ ಗೊತ್ತಾಗಿಲ್ಲ, ಗುರುದೀಕ್ಷೆನ ಯಾರೂ ವಾಪಸ್ ತಗೊಳ್ಳಲ್ಲ, ಆದ್ರೆ ಭಾನುವಾರ ಬೆಳಗ್ಗೆ ಎದ್ರೆ ಮಾಡೋಕೆ ಏನೂ ಇರಲ್ಲ. ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗಳಲ್ಲಿ, ಅಂದ್ರೆ ಚರ್ಚುಗಳಲ್ಲಿ, 27 ವರ್ಷ, ದಕ್ಷಿಣ ಕನ್ನಡದಲ್ಲಿ ಮೂರು ಕಡೆ, ಕೊಡಗಲ್ಲಿ ಎರಡು ಸಲ. ರಿಟೈರ್ ಆಗೋಕೆ ಇನ್ನೂ ಒಂಬತ್ತು ವರ್ಷ ಇತ್ತು, ಈ ಜೂನ್‌ನಲ್ಲಿ ಡಾಕ್ಟರ್ ಸರ್ಟಿಫಿಕೇಟ್ ಲಗತ್ತಿಸಿ ಪತ್ರ ಕೊಟ್ಟೆ. ಪಾದ್ರಿ ಕೆಲಸ ಬಿಟ್ರೆ ಸಂಬಳದ ಜೊತೆ ಮನೆನೂ ಬಿಡಬೇಕು, ಇದು ಹೊರಗಿನವ್ರಿಗೆ ಗೊತ್ತಿರಲ್ಲ. ಹೊಸ ಅಯ್ಯನವರು ಮಕ್ಕಳು ಮರಿ ಕಟ್ಕೊಂಡು ಬರ್ತಾರಲ್ಲ, ಸ್ಕೂಲ್ ಶುರು ಆಗಿರುತ್ತೆ, ಅದ್ರಲ್ಲಿ ಯಾರ ತಪ್ಪೂ ಇಲ್ಲ. ವಿರಾಜಪೇಟೇಲಿ ಬಾಡಿಗೆ ಮನೆ ಹಿಡಿದಿದ್ವಿ, ಆದ್ರೆ ಜುಲೈ ಮಳೇಲಿ ಗೋಡೆ ಒಣಗದೆ ಪೇಂಟ್ ಹೊಡಿಯೋಕಾಗಲ್ಲ ಅಂತ ಮೇಸ್ತ್ರಿ ಕೈ ಎತ್ತಿಬಿಟ್ಟ. 41 ಪೆಟ್ಟಿಗೆ ಸಾಮಾನು, ಅದ್ರಲ್ಲಿ 26 ಬರೀ ಪುಸ್ತಕ, ಎಲ್ಲಾನೂ ಗೊತ್ತಿರೋರ ಕಾಫಿ ಗೋಡೌನ್‌ನಲ್ಲಿ ಇಟ್ಟು ನಾನೂ ನನ್ನ ಹೆಂಡತಿನೂ ಎರಡು ಸೂಟ್‌ಕೇಸ್ ಹಿಡ್ಕೊಂಡು ಇಲ್ಲಿಗೆ ಬಂದ್ವಿ. ಇಬ್ಬರಿಗೆ ಊಟ ತಿಂಡಿ ಸೇರಿ ದಿನಕ್ಕೆ 1,800, ಸೀಸನ್ ಅಲ್ಲ ಅಂತ. ಸೀಸನ್‌ನಲ್ಲಿ ಇದ್ರ ಡಬಲ್ ಇರುತ್ತಂತೆ.

ಜಾಗ ಅಮ್ಮತ್ತಿಯಿಂದ ಸಿದ್ದಾಪುರ ಕಡೆಗೆ, ಮೇನ್ ರೋಡಿಂದ ಎರಡು ಕಿಲೋಮೀಟರ್ ಒಳಗೆ, ಕೊನೆಯ ಅರ್ಧ ಕಿಲೋಮೀಟರ್ ಕೆಸರು, ಸಣ್ಣ ಕಾರು ತರಬೇಡಿ. ಸುತ್ತ ರೊಬಸ್ಟಾ ತೋಟ, ಸಿಲ್ವರ್ ಓಕ್ ಮೇಲೆ ಮೆಣಸಿನ ಬಳ್ಳಿ. ಎರಡೇ ರೂಮು. ಮನೆಯವ್ರು ಕೊಡವರು, ಯಜಮಾನ್ರು ಮಾಜಿ ಮಿಲಿಟರಿ, ಮಾತು ಕಮ್ಮಿ. ಅಕ್ಕ (ಅವರ ಹೆಂಡತಿ, ನಾವು ಅಕ್ಕ ಅಂತಾನೇ ಕರೀತಿದ್ವಿ) ಮಾತೂ ಜಾಸ್ತಿ, ಕೈನೂ ಜೋರು.

ಊಟದ ವಿಷಯಕ್ಕೆ ಬರ್ತೀನಿ, ಬೇರೆ ರಿವ್ಯೂಗಳಲ್ಲಿ ಎಲ್ರೂ ಪಂದಿ ಕರಿ ಪಂದಿ ಕರಿ (ಹಂದಿ ಮಾಂಸದ ಸಾರು) ಅಂತ ಬರ್ದಿದಾರೆ, ಸುಳ್ಳಲ್ಲ, ಕಾಚಂಪುಳಿ ಅನ್ನೋ ಕಪ್ಪು ಹುಳಿ ಹಾಕಿ ಕಪ್ಪಗೆ ಮಾಡ್ತಾರೆ, ಜೊತೆಗೆ ಬಿಸಿ ಕಡಂಬುಟ್ಟು (ಅಕ್ಕಿ ತರಿ ಉಂಡೆ), ಮಳೆ ಹೊರಗೆ ಸುರೀತಿರುತ್ತೆ, ಇನ್ನೇನು ಬೇಕು. ನನಗೆ ಒಂದು ತಾಪತ್ರಯ ಇದೆ. ನಾನು ತಗೊಳ್ಳೋ ಮಾತ್ರೆ ಲೆವೊಡೋಪಾ, ಮಾಂಸ ಮೊಟ್ಟೆ ಬೇಳೆ ಇಂಥ ಪ್ರೋಟೀನ್ ಜೊತೆಗೆ ಹೊಟ್ಟೆಗೆ ಬಿದ್ರೆ ಅದು ಸರಿಯಾಗಿ ಹೀರ್ಕೊಳ್ಳಲ್ಲ, ಅದಕ್ಕೆ ಊಟಕ್ಕೆ ಅರ್ಧ ಗಂಟೆ ಮುಂಚೆ ನುಂಗ್ಬೇಕು, ಮಧ್ಯಾಹ್ನ ಮಾಂಸ ಜಾಸ್ತಿ ತಿಂದ್ರೆ ಸಂಜೆ ನಾಲ್ಕಕ್ಕೆ ನಾನು ಕುರ್ಚಿಗೆ ಅಂಟಿದ ಗೊಂಬೆ. ಇದನ್ನ ಅಕ್ಕಂಗೆ ಒಂದೇ ಸಲ ಹೇಳಿದ್ದು. ಮಾರನೇ ದಿನದಿಂದ ಮಧ್ಯಾಹ್ನ ಅಕ್ಕಿ ಒಟ್ಟಿ (ರೊಟ್ಟಿ), ಸೊಪ್ಪಿನ ಪಲ್ಯ, ಕಣಿಲೆ (ಎಳೇ ಬಿದಿರು) ಸಾರು, ಮಾಂಸ ಏನಿದ್ರೂ ರಾತ್ರಿಗೆ. ಹನ್ನೆರಡಕ್ಕೆ ಸರಿಯಾಗಿ ಅಡುಗೆ ಮನೆಯಿಂದ "ಗುಳಿಗೆ ಆಯ್ತಾ" ಅಂತ ಕೂಗು. ದೊಡ್ಡ ಹೋಟೆಲಲ್ಲಿ ಕಾಸು ಕೊಟ್ರೂ ಇದು ಸಿಗಲ್ಲ. ತೋಟದ ಒಬ್ಬ ಕೆಲಸದವ್ನು ನಸುಗುನ್ನಿ ಬೀಜ ತಂದ್ಕೊಟ್ಟ, ನಡುಕಕ್ಕೆ ಒಳ್ಳೇದು ಅಂತ. ಅವ್ನು ಹೇಳಿದ್ದು ತಪ್ಪಲ್ಲ, ಅದ್ರಲ್ಲಿ ಇರೋದೂ ಇದೇ ಲೆವೊಡೋಪಾನೇ, ಆದ್ರೆ ಎಷ್ಟಿದೆ ಅಂತ ಅಳೆಯೋರು ಯಾರು, ಮಾತ್ರೆ ಮೇಲೆ ಅದನ್ನೂ ತಗೊಂಡ್ರೆ ಏನಾಗುತ್ತೋ, ಥ್ಯಾಂಕ್ಸ್ ಹೇಳಿ ಜೇಬಲ್ಲಿ ಇಟ್ಕೊಂಡೆ.

ಆಗಸ್ಟ್ 3ಕ್ಕೆ ಕಕ್ಕಡ ಹದಿನೆಂಟು, ಅಂದ್ರೆ ಕೊಡವರ ಮಳೆಗಾಲದ ಕಕ್ಕಡ ತಿಂಗಳ ಹದಿನೆಂಟನೇ ದಿನ, ಬಂತು, ಮದ್ದು ಸೊಪ್ಪಿನ ಪಾಯಸ ಮಾಡಿದ್ರು. ಅವತ್ತು ಆ ಸೊಪ್ಪಲ್ಲಿ ಹದಿನೆಂಟು ಥರ ಔಷಧಿ ಸೇರಿರುತ್ತೆ ಅಂತ ಇಲ್ಲಿ ನಂಬಿಕೆ, ಬಣ್ಣ ನೇರಳೆ, ವಾಸನೆ ತೋಟದ್ದೇ. ಎರಡು ಬಟ್ಟಲು ತಿಂದೆ. ಮಾರನೇ ದಿನ ಬೆಳಗ್ಗೆ ಬಚ್ಚಲಲ್ಲಿ ಕೆಂಪು ನೋಡಿ ಎದೆ ಧಸಕ್ ಅಂತು, ಮಾತ್ರೆ ತಗೊಂಡು ಇಷ್ಟು ವರ್ಷ ಆಯ್ತು ಇದೇನಪ್ಪ ಹೊಸ ಕಾಯಿಲೆ ಅಂತ. ಆ ಸೊಪ್ಪು ತಿಂದ್ರೆ ಮೂತ್ರ ಕೆಂಪಾಗುತ್ತೆ ಅಂತ ಕೊಡಗಲ್ಲಿ ಎರಡು ಸಲ ಕೆಲಸ ಮಾಡಿದೋನಿಗೆ ನೆನಪಾಗಬೇಕಿತ್ತು, ಆಗ್ಲಿಲ್ಲ. ಅಕ್ಕ ನಕ್ಕಿದ್ದು ನಕ್ಕಿದ್ದೇ.

ಈಗ ನಾನು ನಿಜವಾಗ್ಲೂ ಹೇಳ್ಬೇಕು ಅಂತ ಕೂತಿದ್ದು. ಈ ಕಾಯಿಲೇಲಿ ಬಾಗಿಲು ದಾಟೋವಾಗ ಕಾಲು ನೆಲಕ್ಕೆ ಅಂಟ್ಕೊಳ್ಳುತ್ತೆ. ನಡೀತಾ ನಡೀತಾ ಚೌಕಟ್ಟು ಬಂದ ತಕ್ಷಣ ಸ್ಟಾಪ್, ಮೈ ಮುಂದಕ್ಕೆ ಹೋಗುತ್ತೆ, ಪಾದ ಬರಲ್ಲ. ಅಡ್ಡ ಗೆರೆ ಇದ್ರೆ ದಾಟೋಕೆ ಆಗುತ್ತೆ, ಯಾಕೋ ಮಿದುಳಿಗೆ ಗೆರೆ ದಾಟೋದು ಅಂದ್ರೆ ಬೇರೆ ಕೆಲಸ. ತಾಳ ಹಾಕ್ಕೊಂಡ್ರೂ ಆಗುತ್ತೆ, ನಾನು ಹಳೇ ಬಾಸೆಲ್ ಮಿಷನ್ (ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಷನರಿ ಸಂಸ್ಥೆ) ಕೀರ್ತನೆ ಗುನುಗ್ಕೊಂಡು ಹೆಜ್ಜೆ ಹಾಕ್ತೀನಿ. ಎರಡನೇ ದಿನ ರಾತ್ರಿ ಊಟದ ಕೋಣೆ ಬಾಗಿಲಲ್ಲಿ ಸಿಕ್ಕಾಕ್ಕೊಂಡು ನಿಂತೆ, ಯಜಮಾನ್ರು ಎದುರುಗಡೆ ತಟ್ಟೆ ಹಿಡ್ಕೊಂಡು ಕಾಯ್ತಾ ಇದ್ರು. ಗೆರೆ ಇದ್ರೆ ಬರ್ತೀನಿ ಸಾರ್ ಅಂತ ತಮಾಷೆಗೆ ಅಂದೆ. ಬೆಳಗ್ಗೆ ಎದ್ದು ನೋಡ್ತೀನಿ, ಆ ಕೆಂಪು ನೆಲದ ಮೇಲೆ ನಮ್ಮ ರೂಮಿಂದ ಊಟದ ಕೋಣೆ ತನಕ, ಅಲ್ಲಿಂದ ಜಗಲಿ ತನಕ, ಹಳದಿ ಇನ್ಸುಲೇಷನ್ ಟೇಪು, ಒಂದೊಂದು ಹೆಜ್ಜೆಗೆ ಒಂದೊಂದು ಪಟ್ಟಿ, ಪರೇಡ್ ಗ್ರೌಂಡ್ ಥರ ಅಳತೆ ಹಿಡಿದು ಅಂಟಿಸಿದ್ರು. ಹೆಂಡತಿ ಹೇಳಿದ್ಲು, ಐದು ಗಂಟೆಗೇ ಟಾರ್ಚ್ ಇಟ್ಕೊಂಡು ಮೊಣಕಾಲಲ್ಲಿ ಕೂತಿದ್ರಂತೆ. ನಾನು ಏನೋ ಹೇಳೋಕೆ ಹೋದೆ, ಅವ್ರು "ತಿಂಡಿ ಆರುತ್ತೆ" ಅಂದ್ರು ಅಷ್ಟೇ. (ಬಚ್ಚಲಿಗೂ ಅಂಟಿಸಿದ್ರು, ಒದ್ದೆಗೆ ಕಿತ್ತುಬಂತು. ಅದಕ್ಕೇ ಆ ಸ್ಟಾರ್ ವಾಪಸ್ ಕೊಡೋಕಾಗ್ತಿಲ್ಲ.)

ಬೆಳಗ್ಗೆ ದನಿ ಎಕ್ಸರ್‌ಸೈಜ್ ಒಂದಿದೆ ನಂದು, ಉಸಿರು ತುಂಬ ಎಳ್ಕೊಂಡು "ಆ" ಅಂತ ಆದಷ್ಟು ಗಟ್ಟಿಯಾಗಿ, ಆದಷ್ಟು ಹೊತ್ತು. ದನಿ ತಗ್ತಾ ಹೋಗೋದೂ ಈ ಕಾಯಿಲೆಯ ಭಾಗ, ಮೈಕ್ ಇಲ್ದೆ ಪ್ರಸಂಗ (ಚರ್ಚಿನ ಉಪದೇಶ) ಮಾಡ್ತಿದ್ದೋನು ಕೊನೇ ವರ್ಷ ಮೈಕ್ ಇದ್ರೂ ಮೂರನೇ ಬೆಂಚಿಗೆ ಕೇಳಿಸ್ತಿರಲಿಲ್ಲ. ಮೊದಲನೇ ದಿನ ಜಗಲೀಲಿ ನಿಂತು ಹದಿನೈದು ಸಲ ಕೂಗಿದ್ದಕ್ಕೆ ನಾಯಿಗಳು ಬೊಗಳಿ, ತೋಟದ ಲೈನ್ ಮನೆಯ (ಕೆಲಸಗಾರರ ಸಾಲು ಮನೆ) ಜನ ಆನೆ ಬಂತು ಅಂತ ಡಬ್ಬ ಹಿಡ್ಕೊಂಡು ಓಡಿ ಬಂದ್ರು. ಈ ಕಡೆ ಆನೆ ಕಾಟ ನಿಜವಾಗ್ಲೂ ಇದೆ, ಸಂಜೆ ಮೇಲೆ ನಡ್ಕೊಂಡು ಓಡಾಡಬೇಡಿ.

ಯಾಕೆ ಬಿಟ್ರಿ ಅಂತ ಇಲ್ಲಿ ಯಾರೂ ಕೇಳ್ಲಿಲ್ಲ. ಬೇರೆ ಎಲ್ಲ ಕಡೆ ಅದೇ ಪ್ರಶ್ನೆ, ಸ್ವಲ್ಪ ನಡುಕ ತಾನೇ ಅಯ್ಯನವರೇ, ಕೂತ್ಕೊಂಡು ಪ್ರಸಂಗ ಮಾಡಬಹುದಿತ್ತಲ್ಲ ಅಂತ. ಮಾಡಬಹುದಿತ್ತು. ಪಾತ್ರೆ ನಡುಗಿ ದ್ರಾಕ್ಷಾರಸ ಬಲಿಪೀಠದ ಬಟ್ಟೆ ಮೇಲೆ ಚೆಲ್ಲಿದಾಗ್ಲೂ ಬಿಟ್ಟಿರಲಿಲ್ಲ, ಒಗೆದ್ರೆ ಹೋಗುತ್ತೆ. ಏಪ್ರಿಲ್‌ನಲ್ಲಿ ಒಂದು ದೀಕ್ಷಾಸ್ನಾನ (ಬ್ಯಾಪ್ಟಿಸಂ) ಇತ್ತು, ಮೂರು ತಿಂಗಳ ಹೆಣ್ಣು ಮಗು. ಎಡಗೈಲಿ ಮಗು ಹಿಡ್ಕೊಂಡು ಬಲಗೈಲಿ ನೀರು ತಗೋಬೇಕು, ಬಲಗೈ ನಡುಕ ಎಲ್ಲರಿಗೂ ಗೊತ್ತಿದ್ದೇ, ಅವತ್ತು ಎಡಗೈ ಶುರು ಮಾಡ್ತು. ನೋಡಿದ್ರೆ ಮಗುವಿನ ತಾಯಿ ತನ್ನ ಎರಡೂ ಕೈನ ನನ್ನ ತೋಳಿನ ಕೆಳಗೆ ಚಾಚಿ ನಿಂತಿದ್ಲು, ಮುಟ್ಟಿರಲಿಲ್ಲ, ನಾಲ್ಕು ಬೆರಳು ಕೆಳಗೆ, ನನಗೆ ಬೇಜಾರಾಗಬಾರದು ಅಂತ ಮುಖ ಮಾತ್ರ ನಗ್ತಾ ಇತ್ತು. ಹೆಸರಿಟ್ಟೆ, ನೀರು ಹಾಕಿದೆ, ಮಗುನ ಕೊಟ್ಟೆ. ಮನೆಗೆ ಬಂದು ಹೆಂಡತಿಗೆ ಸಾಕು ಅಂದೆ. ಅವ್ಳು ಅಕ್ಕಿ ಆರಿಸ್ತಾ ಇದ್ಲು, ಹೂಂ ಅಂದ್ಲು.

ಇದಾದ್ಮೇಲೆ ದೂರದ ಸಂಬಂಧಿಕರೊಬ್ಬರು ಫೋನ್ ಮಾಡಿ, ನಿನಗೇ ವಿಶ್ವಾಸ ಕಮ್ಮಿ ಆದ್ರೆ ಸಭೆಯವ್ರ ಗತಿ ಏನು, ಉಪವಾಸ ಪ್ರಾರ್ಥನೆ ಮಾಡಿದ್ರೆ ಕೈ ನಿಲ್ತಿತ್ತು ಅಂದ್ರು. ಅವ್ರಿಗೆ ಹೇಳೋಕೆ ಆಗ ನನಗೆ ಉತ್ತರ ಹೊಳೀಲಿಲ್ಲ, ಇಲ್ಲಿ ಜಗಲೀಲಿ ಕೂತಾಗ ಹೊಳೀತು. ಬೈಬಲಲ್ಲಿ, ತಿಮೊಥೆಯನಿಗೆ ಬರೆದ ಎರಡನೇ ಪತ್ರದ ಕೊನೇಲಿ ಅಪೊಸ್ತಲ ಪೌಲ ಒಂದು ಸಾಲು ಹಾಗೇ ಹೇಳಿ ಮುಂದಕ್ಕೆ ಹೋಗ್ತಾನೆ, ಜೊತೆಗಾರ ತ್ರೊಫಿಮ ಕಾಯಿಲೆ ಬಿದ್ದಿದ್ದ, ಅವನನ್ನ ಮಿಲೇತದಲ್ಲಿ ಬಿಟ್ಟು ಬಂದೆ ಅಂತ. ಅಷ್ಟೇ. ಎಷ್ಟೋ ಜನರನ್ನ ವಾಸಿ ಮಾಡಿದ ಪೌಲ ಇವನನ್ನ ವಾಸಿ ಮಾಡ್ಲಿಲ್ಲ, ಬೈಲೂ ಇಲ್ಲ. 27 ವರ್ಷದಲ್ಲಿ ಆ ಸಾಲಿನ ಮೇಲೆ ನಾನು ಒಂದು ಪ್ರಸಂಗನೂ ಮಾಡಿಲ್ಲ, ಯಾರಾದ್ರೂ ಮಾಡಿದ್ದು ಕೇಳಿಯೂ ಇಲ್ಲ. ಮಿಲೇತದಲ್ಲಿ ಅವನಿಗೆ ಮನೆ ಕೊಟ್ಟೋರು ಯಾರು, ಗಂಜಿ ಕೊಟ್ಟೋರು ಯಾರು ಅಂತ ಈಗ ಯೋಚನೆ ಬರುತ್ತೆ.

ಎರಡನೇ ಭಾನುವಾರ ಮಳೆ ಸ್ವಲ್ಪ ಬಿಟ್ಟಿತ್ತು, ಯಜಮಾನ್ರು ಜೀಪಲ್ಲಿ ಆನಂದಪುರ ಕಡೆ ಒಂದು ರೌಂಡ್ ಕರ್ಕೊಂಡು ಹೋದ್ರು, ಎಕ್ಸ್‌ಟ್ರಾ ಚಾರ್ಜ್ ತಗೊಳ್ಲಿಲ್ಲ. ಅದು ಜರ್ಮನ್ ಮಿಷನರಿ ಹರ್ಮನ್ ಮೊಗ್ಲಿಂಗ್ 1850ರ ದಶಕದಲ್ಲಿ ಕಟ್ಟಿದ ಊರು, 1843ರಲ್ಲಿ ಮಂಗಳೂರ ಸಮಾಚಾರ ಪತ್ರಿಕೆ ಶುರು ಮಾಡಿದ್ರಲ್ಲ, ಅದೇ ಮೊಗ್ಲಿಂಗ್. ಅವರ ಕಥೆನ ನಾನು ಹತ್ತಾರು ಸಲ ಸಭೇಲಿ ಹೇಳಿದೀನಿ, ಪತ್ರಿಕೆ, ಕನ್ನಡ ಕೆಲಸ, ಕೊಡಗು, ಎಲ್ಲ ಹೇಳಿ ಕೊನೇಲಿ "ನಂತರ ಸ್ವದೇಶಕ್ಕೆ ಮರಳಿದರು" ಅಂತ ಮುಗಿಸ್ತಿದ್ದೆ. ಮರಳಿದ್ದು 1860ರಲ್ಲಿ, ಹೆಂಡತಿ ಆರೋಗ್ಯ ಕೆಟ್ಟಿದ್ದಕ್ಕೆ. ತೀರ್ಕೊಂಡಿದ್ದು 1881ರಲ್ಲಿ. ಮಧ್ಯೆ 21 ವರ್ಷ, ಮತ್ತೆ ಈ ಕಡೆ ಬರಲೇ ಇಲ್ಲ, ಆದ್ರೂ 1866ರಲ್ಲಿ ಅಲ್ಲಿಂದಾನೇ ಕೊಡಗಿನ ಬಗ್ಗೆ ಜರ್ಮನ್ ಭಾಷೇಲಿ ಪುಸ್ತಕ ತಂದ್ರು. ಆ 21 ವರ್ಷನ ನಾನು ಮೂರು ಪದದಲ್ಲಿ ದಾಟಿಸ್ತಿದ್ದೆನಲ್ಲ ಅನ್ನಿಸ್ತು, ಜೀಪಿಂದ ಇಳೀಲಿಲ್ಲ, ಕೆಸರು ಬೇರೆ.

ಉಳಿದಿದ್ದು ಬೇಗ ಹೇಳ್ತೀನಿ. ಕರೆಂಟು ದಿನಕ್ಕೆ ನಾಲ್ಕೈದು ಸಲ ಹೋಗುತ್ತೆ, ಇನ್ವರ್ಟರ್ ಲೈಟಿಗೆ ಮಾತ್ರ, ಗೀಸರ್‌ಗೆ ಇಲ್ಲ, ಆದ್ರೆ ಹಂಡೆ ನೀರು ಯಾವಾಗ್ಲೂ ಬಿಸಿ. ಜಿಗಣೆ ಇದೆ, ಉಪ್ಪಿನ ಡಬ್ಬಿ ಬಾಗಿಲಲ್ಲೇ ಇಟ್ಟಿರ್ತಾರೆ. ನೆಟ್‌ವರ್ಕ್ ಗೇಟ್ ಹತ್ರ ಒಂದು ಕಡ್ಡಿ, ಮನೆ ಒಳಗೆ ಸೊನ್ನೆ, ಇದು ಕೆಲವರಿಗೆ ಮೈನಸ್, ನನಗೆ ಮೇಲೆ ಹೇಳಿದ ಫೋನ್ ಆದ್ಮೇಲೆ ಪ್ಲಸ್ಸೇ. ಬಟ್ಟೆ ಒಣಗಲ್ಲ. ಸೂಟ್‌ಕೇಸಲ್ಲಿದ್ದ ನನ್ನ ಬಿಳಿ ನಿಲುವಂಗಿಗೆ ವಾರಕ್ಕೇ ಬೂಷ್ಟು ಹಿಡೀತು, ಅಕ್ಕ ಒಗೆದು ಸೌದೆ ಒಲೆ ಮೇಲಿನ ತಂತಿಗೆ ನೇತು ಹಾಕಿದ್ರು, ಪಕ್ಕದಲ್ಲೇ ಹೊಗೆಗೆ ಇಟ್ಟ ಹಂದಿ ಮಾಂಸ. ಒಣಗಿ ಬಂತು, ಚೆನ್ನಾಗೇ ಬಂತು, ವಾಸನೆ ಮಾತ್ರ ಯಾವ ಸೋಪಿಗೂ ಹೋಗ್ತಿಲ್ಲ. ಹೆಂಡತಿ ಮತ್ತೆ ಒಗೆಯೋಣ ಅಂದ್ಲು, ಬೇಡ ಇರ್ಲಿ ಅಂದೆ, ಹಾಕ್ಕೊಳ್ಳೋ ಕೆಲಸ ಏನೂ ಇಲ್ವಲ್ಲ.

ಹೋಗೋರಿಗೆ ಒಂದು ಮಾತು, ವಯಸ್ಸಾದವ್ರು ಇದ್ರೆ ಎಡಗಡೆ ರೂಮ್ ಕೇಳಿ, ಬಲಗಡೆದಕ್ಕೆ ಮೂರು ಮೆಟ್ಟಿಲು ಇದೆ. ಬಚ್ಚಲಿಗೆ ಒಂದು ಹಿಡಿ ಹಾಕ್ಸಿ ಅಂತ ನೀವೂ ಹೇಳಿ, ನಾಲ್ಕು ಜನ ಹೇಳಿದ್ರೆ ಹಾಕ್ಸ್ತಾರೆ. ಕೈ ನಡುಗೋರು ಕಾಫಿಗೆ ಏನೂ ಹೇಳ್ಬೇಕಿಲ್ಲ. ಮೊದಲನೇ ಬೆಳಗ್ಗೆ ಅಕ್ಕ ನನ್ನ ಕೈನ ಒಂದು ಸಲ ನೋಡಿದ್ರು, ಅವತ್ತಿಂದ 24 ದಿನಾನೂ ನನಗೆ ಅರ್ಧ ಲೋಟ, ಅದು ಮುಗಿದ್ಮೇಲೆ ಇನ್ನರ್ಧ. ಬಿಲ್ಲಲ್ಲಿ ಒಂದೇ ಕಾಫಿ ಅಂತ ಬರ್ದಿದ್ರು.